ಹೊಯ್ಸಳ ವಿಷ್ಣುವರ್ಧನ

ವಿಷ್ಣುವರ್ಧನ (ಮೊದಲ ಹೆಸರು ಬಿಟ್ಟಿದೇವ ಅಥವಾ ಬಿಟ್ಟಿಗ, ಆಳ್ವಿಕೆ ಸು. ಕ್ರಿ.ಶ. 1108–1152) ಹೊಯ್ಸಳ ವಂಶದ ಅರಸ. ಮಲೆನಾಡಿನ ಅಂಚಿನ ಒಂದು ಸಾಮಂತ ಮನೆತನವನ್ನು ದಕ್ಷಿಣ ಕರ್ನಾಟಕದ ಪ್ರಮುಖ ಶಕ್ತಿಯನ್ನಾಗಿ ಬೆಳೆಸಿದವನು ಇವನು. ಬೇಲೂರಿನ ಚೆನ್ನಕೇಶವ ದೇವಾಲಯದ ನಿರ್ಮಾತೃವೆಂದು ಹೆಚ್ಚು ಪರಿಚಿತ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ ಇವನ ಕಾಲದಲ್ಲಿಯೇ ಆರಂಭವಾಯಿತು. ಜೈನ ಮನೆತನದಲ್ಲಿ ಹುಟ್ಟಿದ ಈ ಅರಸನು ರಾಮಾನುಜಾಚಾರ್ಯರ ಪ್ರಭಾವದಿಂದ ಶ್ರೀವೈಷ್ಣವನಾದನೆಂಬ ಸಂಪ್ರದಾಯ ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯರ ವಿಷಯದಲ್ಲಿಯೂ ಇವನ ನಿಲುವು ಒಂದೇ ಆಗಿರಲಿಲ್ಲ. ಸಾಮಂತನಾಗಿ ಆರಂಭಿಸಿ, ಅವರ ವಿರುದ್ಧ ಯುದ್ಧ ಮಾಡಿ, ಸೋತು ಶರಣಾಗಿ, ಮತ್ತೆ ತಲೆಯೆತ್ತಿದನು. ಈ ಎರಡು ಬದಲಾವಣೆಗಳನ್ನು ಅರ್ಥೈಸುವ ಬಗೆಯಲ್ಲಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ವಂಶ ಮತ್ತು ಹಿನ್ನೆಲೆ

ಬಿಟ್ಟಿದೇವನು ವಿನಯಾದಿತ್ಯನ ಮೊಮ್ಮಗ. ಎರೆಯಂಗ ಮತ್ತು ಏಚಲದೇವಿಯರ ಮಗ. ಅಣ್ಣ ಒಂದನೆಯ ಬಲ್ಲಾಳ, ತಮ್ಮ ಉದಯಾದಿತ್ಯ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಈಗಿನ ಚಿಕ್ಕಮಗಳೂರು ಜಿಲ್ಲೆಯ ಅಂಗಡಿ ಗ್ರಾಮ. ಅಲ್ಲಿಂದ ಬೇಲೂರಿಗೆ, ಮುಂದೆ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಅವರ ಅಧಿಕಾರಕೇಂದ್ರ ಸರಿಯಿತು. ಬೆಟ್ಟದ ಸೀಮೆಯಿಂದ ಬಯಲಿಗೆ ಇಳಿದುಬಂದ ಮನೆತನವಿದು.

ಆರಂಭದ ಹೊಯ್ಸಳರು ಜೈನ ಗುರುಗಳಿಗೆ ನಡೆದುಕೊಳ್ಳುತ್ತಿದ್ದರು. ವಂಶದ ಮೂಲಪುರುಷ ಸಳನ ಕಥೆಯಲ್ಲಿ ಹುಲಿಯನ್ನು ಹೊಡೆಯಲು ಆಜ್ಞೆ ಮಾಡುವವನು ಜೈನ ಮುನಿ. ವಿನಯಾದಿತ್ಯನು ಕಟ್ಟಿಸಿದ ಬಸದಿಗಳ ಸಂಖ್ಯೆಯನ್ನು ವರ್ಣಿಸುವಾಗ ಶ್ರವಣಬೆಳಗೊಳದ ಶಾಸನವೊಂದು, ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿಗಳು ಕೆರೆಗಳಾದವು, ಕಲ್ಲು ತೆಗೆದ ಬೆಟ್ಟಗಳು ನೆಲಸಮವಾದವು ಎಂದು ಹೇಳುತ್ತದೆ. ಇದು ಶಾಸನಕವಿಯ ಅತಿಶಯೋಕ್ತಿ. ಆದರೂ ಮನೆತನದ ಒಲವು ಯಾವ ಕಡೆಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಇದೇ ವಂಶದ ಬಿರುದಾವಳಿಯಲ್ಲಿ ವಾಸಂತಿಕಾದೇವಿಯ ವರಪ್ರಸಾದ ಪಡೆದವರೆಂಬ ವಿಶೇಷಣವೂ ನಿರಂತರವಾಗಿ ಬರುತ್ತದೆ. ಒಂದೇ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ದೈವಗಳಿಗೆ ನಡೆದುಕೊಳ್ಳುವುದು ಆ ಕಾಲಕ್ಕೆ ವಿಚಿತ್ರವಾಗಿರಲಿಲ್ಲ.

ಎರೆಯಂಗನು ಚಾಲುಕ್ಯ ಚಕ್ರವರ್ತಿಯ ಪರವಾಗಿ ಮಾಳವದ ಧಾರಾನಗರದವರೆಗೆ ದಂಡೆತ್ತಿ ಹೋಗಿ ಸ್ವಾಮಿನಿಷ್ಠ ಸಾಮಂತನೆಂದು ಹೆಸರಾದನು. ಅವನ ನಂತರ ಬಲ್ಲಾಳನು ಸು. 1102ರಿಂದ 1108ರವರೆಗೆ ಆಳಿದನು. ಸಾಂತರ ಜಗದ್ದೇವನು ದೋರಸಮುದ್ರದ ಮೇಲೆ ದಾಳಿಯಿಟ್ಟಾಗ ಬಲ್ಲಾಳ ಮತ್ತು ಬಿಟ್ಟಿದೇವರು ಸೇರಿ ಅವನನ್ನು ಹಿಮ್ಮೆಟ್ಟಿಸಿದರು. ಅಣ್ಣನ ಬಳಿಕ ಬಿಟ್ಟಿದೇವನು ಪಟ್ಟಕ್ಕೆ ಬಂದನು.

ತಲಕಾಡಿನ ವಿಜಯ

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗರ ರಾಜಧಾನಿ ತಲಕಾಡು ಚೋಳರ ವಶವಾಗಿ ರಾಜರಾಜಪುರವೆಂಬ ಹೆಸರು ಪಡೆದಿತ್ತು. ಒಂದು ಶತಮಾನಕ್ಕೂ ಮೀರಿ ಗಂಗವಾಡಿಯ ದಕ್ಷಿಣಭಾಗ ಚೋಳರ ಅಧಿಕಾರಿಗಳ ಆಡಳಿತದಲ್ಲಿತ್ತು. 1116ರಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನು ಚೋಳ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ಹಿಡಿದನು. ಬಿಟ್ಟಿದೇವನು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದನು. ಅದನ್ನೇ ಕನ್ನಡ ಅಕ್ಷರಗಳಲ್ಲಿ ಚಿನ್ನದ ನಾಣ್ಯಗಳ ಮೇಲೆ ಅಚ್ಚು ಹಾಕಿಸಿದನು. ಉಚ್ಚಂಗಿಯ ಪಾಂಡ್ಯರ ಮೇಲೆ ದುಮ್ಮೆಯಲ್ಲಿ ಪಡೆದ ಗೆಲುವಿನ ನಂತರದ ನೊಣಂಬವಾಡಿಗೊಂಡ ಎಂಬ ಬಿರುದೂ ನಾಣ್ಯಗಳಲ್ಲಿ ಕಾಣುತ್ತದೆ.

ಇನ್ನೊಬ್ಬ ದಂಡನಾಯಕ ಪುಣಿಸನು ನೀಲಗಿರಿಯವರೆಗೂ ಮುಂದುವರಿದನು. ಚಾಮರಾಜನಗರದ 1117ರ ಶಾಸನವು ಅವನು ತೋಡರನ್ನು ಬೆದರಿಸಿದುದನ್ನು ಹೇಳುತ್ತದೆ. ತೋಡ ಜನಾಂಗದ ಅತಿ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದು. ಗಂಗರಾಜ, ಪುಣಿಸ ಇಬ್ಬರೂ ನಿಷ್ಠಾವಂತ ಜೈನರು. ಅರಸನು ವರವನ್ನು ಬೇಡೆಂದಾಗ ಗಂಗರಾಜನು ಗೋವಿಂದವಾಡಿ ಗ್ರಾಮವನ್ನು ಪಡೆದು ಅದನ್ನು ಬೆಳಗೊಳದ ಗೊಮ್ಮಟನಿಗೆ ಬಿಟ್ಟುಕೊಟ್ಟನು. ಗೊಮ್ಮಟನ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನೂ, ಚೋಳರ ಕಾಲದಲ್ಲಿ ಹಾಳಾಗಿದ್ದ ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದವನೂ ಇವನೇ.

ಬೇಲೂರಿನ ದೇವಾಲಯ

ತಲಕಾಡು ಕೈವಶವಾದ ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ನಡೆಯಿತು. ಇಂದು ಚೆನ್ನಕೇಶವನೆಂದು ಪೂಜೆಗೊಳ್ಳುವ ಈ ದೇವರ ಗುಡಿ ಹೊಯ್ಸಳರು ಅದುವರೆಗೆ ಕೈಹಾಕಿರದಷ್ಟು ದೊಡ್ಡ ಕಟ್ಟಡ. ಅದೇ ಪ್ರಾಕಾರದಲ್ಲಿ ಪಟ್ಟಮಹಿಷಿ ಶಾಂತಲಾದೇವಿಯು ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. ತಲಕಾಡಿನ ಕೀರ್ತಿನಾರಾಯಣ ದೇವಾಲಯವೂ ಇದೇ ವಿಜಯದ ನೆನಪಿಗೆ ಸೇರಿದ್ದು. ಬೇಲೂರು, ತಲಕಾಡು, ಮೇಲುಕೋಟೆ, ತೊಂಡನೂರು, ಗದಗುಗಳಲ್ಲಿ ವಿಷ್ಣುವರ್ಧನನು ಪಂಚನಾರಾಯಣರನ್ನು ಪ್ರತಿಷ್ಠಾಪಿಸಿದನೆಂಬುದು ಸಂಪ್ರದಾಯದ ಹೇಳಿಕೆ.

ಹೊಯ್ಸಳರ ಧಾರ್ಮಿಕ ನಿಲುವು ಬದಲಾಯಿತೆಂದು ಹೇಳುವವರೆಲ್ಲರೂ ಆಧಾರವಾಗಿ ಹಿಡಿಯುವುದು ಈ ದೇವಾಲಯವನ್ನೇ. ಆದರೆ ಕಟ್ಟಡದ ಹೆಸರಿನಲ್ಲಿರುವ ಮೊದಲ ಪದ ವಿಜಯ ಎಂಬುದನ್ನು ಗಮನಿಸಬೇಕು. ಒಂದು ಸಾಮಂತ ಮನೆತನವು ಚೋಳರಂತಹ ಸಾಮ್ರಾಜ್ಯದಿಂದ ಹಳೆಯ ರಾಜಧಾನಿಯೊಂದನ್ನು ಕಸಿದುಕೊಂಡಿತ್ತು. ಅದನ್ನು ಸಾರಲು ತಂಜಾವೂರಿನ ಮತ್ತು ಕಲ್ಯಾಣದ ಅರಸರು ಒಪ್ಪುವಂತಹ ಭಾಷೆ ಬೇಕಿತ್ತು. ದೊಡ್ಡ ದೇವಾಲಯವೇ ಆ ಭಾಷೆ. ಹೊಸದಾಗಿ ಸೇರಿದ ಗಂಗವಾಡಿಯಲ್ಲಿ ಚೋಳರ ಕಾಲದಿಂದ ನೆಲೆಸಿದ್ದ ಬ್ರಾಹ್ಮಣ ಅಗ್ರಹಾರಗಳೂ ವೈಷ್ಣವ ಕುಟುಂಬಗಳೂ ಇದ್ದವು. ಅವರನ್ನು ಒಳಗೊಳ್ಳದೆ ಆ ನಾಡನ್ನು ಆಳುವುದು ಕಷ್ಟವಾಗಿತ್ತು.

ಚೆನ್ನಕೇಶವ ದೇವಾಲಯದ ಪೂರ್ವದ್ವಾರದ ಜಾಲಂಧ್ರದಲ್ಲಿರುವ ಒಡ್ಡೋಲಗದ ದೃಶ್ಯವನ್ನು ವಿಷ್ಣುವರ್ಧನನದೆಂದು ಗುರುತಿಸುವುದು ರೂಢಿ. ಈ ಜಾಲಂಧ್ರಗಳು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದವು. ಆದ್ದರಿಂದ ಅದು ಎದುರಿಗೆ ನೋಡಿ ಕಡೆದ ಚಿತ್ರವಾಗಿರದೆ ನೆನಪಿನಿಂದ ಮೂಡಿದ ಚಿತ್ರ.

ಚಾಲುಕ್ಯರೊಡನೆ ಸಂಬಂಧ

ತಂದೆಯಂತೆ ವಿಷ್ಣುವರ್ಧನನೂ ಮಹಾಮಂಡಳೇಶ್ವರನಾಗಿ ಆರನೆಯ ವಿಕ್ರಮಾದಿತ್ಯನ (1076–1126) ಅಧೀನದಲ್ಲಿದ್ದನು. ಚೋಳರ ವಿರುದ್ಧದ ಗೆಲುವು ಚಾಲುಕ್ಯರಿಗೂ ಇಷ್ಟವಾದದ್ದೇ. ಆದರೆ ಗೆದ್ದ ಸಾಮಂತನು ಉತ್ತರಕ್ಕೂ ಕೈಚಾಚತೊಡಗಿದಾಗ ಸಂಬಂಧ ಕೆಟ್ಟಿತು. 1118ರಲ್ಲಿ ವಿಕ್ರಮಾದಿತ್ಯನು ಹನ್ನೆರಡು ಮಂದಿ ಸಾಮಂತರ ಸಹಿತ ಸೇನೆಯನ್ನು ಕಳುಹಿಸಿದನು. ಅದು ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ ಗಂಗರಾಜನು ರಾತ್ರಿಯ ಹೊತ್ತು ಮೇಲೆರಗಿ ಸೋಲಿಸಿದನು. ಇದಕ್ಕೆ ಮೆಚ್ಚಿ ಅರಸನು ಕೊಟ್ಟ ಪರಮ ಗ್ರಾಮವನ್ನು ಗಂಗರಾಜನು ತನ್ನ ತಾಯಿ ಪೋಚಲದೇವಿ ಮತ್ತು ಹೆಂಡತಿ ಲಕ್ಷ್ಮೀದೇವಿಯರು ಕಟ್ಟಿಸಿದ್ದ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನು.

ಗೆಲುವು ಬಹುಕಾಲ ಉಳಿಯಲಿಲ್ಲ. ಚಾಲುಕ್ಯರ ಪರವಾಗಿ ಎರಂಬರಗೆಯ ಸಿಂದ ಅರಸ ಇಮ್ಮಡಿ ಆಚುಗಿ ದಂಡೆತ್ತಿ ಬಂದು ಹೊಯ್ಸಳರನ್ನು ಹಿಮ್ಮೆಟ್ಟಿಸಿದನು. 1122–23ರ ವೇಳೆಗೆ ವಿಷ್ಣುವರ್ಧನನು ಮತ್ತೆ ಚಾಲುಕ್ಯರ ಅಧೀನತೆಯನ್ನು ಒಪ್ಪಿಕೊಂಡನು. 1126ರಲ್ಲಿ ವಿಕ್ರಮಾದಿತ್ಯನು ತೀರಿಕೊಂಡನು. ಅವನ ಮಗ ಮೂರನೆಯ ಸೋಮೇಶ್ವರನ ಕಾಲದಲ್ಲಿ ಕೇಂದ್ರದ ಹಿಡಿತ ಸಡಿಲವಾದಂತೆ ವಿಷ್ಣುವರ್ಧನನು ಹಾನುಗಲ್ಲು, ಬನವಾಸಿ, ಬಂಕಾಪುರಗಳ ಕಡೆಗೆ ನುಗ್ಗಿದನು. ತನ್ನ ಕುದುರೆಗಳನ್ನು ಕೃಷ್ಣಾನದಿಯ ನೀರಿನಲ್ಲಿ ಮೀಯಿಸಿದನೆಂಬ ವರ್ಣನೆ ಶಾಸನಗಳಲ್ಲಿದೆ. ಆಳ್ವಿಕೆಯ ಉತ್ತರಾರ್ಧದಲ್ಲಿ ಬಂಕಾಪುರವು ಅವನ ಇನ್ನೊಂದು ನೆಲೆವೀಡಾಯಿತು.

ಇಷ್ಟಾದರೂ ಅವನು ಸಾಮಂತ ಬಿರುದನ್ನು ಬಿಟ್ಟುಕೊಡಲಿಲ್ಲ. ವ್ಯವಹಾರದಲ್ಲಿ ಸ್ವತಂತ್ರ, ಬರವಣಿಗೆಯಲ್ಲಿ ಅಧೀನ ಎಂಬ ಈ ಸ್ಥಿತಿಯನ್ನು ಕೆಲವರು ಅವಕಾಶವಾದವೆಂದು ಕಂಡಿದ್ದಾರೆ. ಆ ಕಾಲದ ಮಂಡಲಾಧಿಪತಿಗಳಲ್ಲಿ ಇದು ಸಾಮಾನ್ಯ ನಡೆ. ವಿಷ್ಣುವರ್ಧನನು ಅದನ್ನು ಇತರರಿಗಿಂತ ಹೆಚ್ಚು ಕಾಲ, ಹೆಚ್ಚು ಯಶಸ್ವಿಯಾಗಿ ನಡೆಸಿದನು. ಪೂರ್ಣ ಸ್ವಾತಂತ್ರ್ಯದ ಘೋಷಣೆಗೆ ಇಮ್ಮಡಿ ಬಲ್ಲಾಳನವರೆಗೆ, ಅಂದರೆ 1190ರ ದಶಕದವರೆಗೆ, ಕಾಯಬೇಕಾಯಿತು.

ಮತಾಂತರದ ಪ್ರಶ್ನೆ

ಶ್ರೀವೈಷ್ಣವ ಗುರುಪರಂಪರೆಯ ಕಥನದ ಪ್ರಕಾರ, ಶೈವಪಕ್ಷಪಾತಿಯಾದ ಚೋಳ ಅರಸನೊಬ್ಬನ ಕಿರುಕುಳದಿಂದ ಶ್ರೀರಂಗವನ್ನು ಬಿಟ್ಟ ರಾಮಾನುಜರು ಹೊಯ್ಸಳ ನಾಡಿಗೆ ಬಂದರು. ಪಿಶಾಚಬಾಧೆಯಿಂದ ನರಳುತ್ತಿದ್ದ ರಾಜಕುಮಾರಿಯನ್ನು ಗುಣಪಡಿಸಿದರು. ತೊಂಡನೂರಿನಲ್ಲಿ ಜೈನರನ್ನು ವಾದದಲ್ಲಿ ಗೆದ್ದರು. ಆಗ ಬಿಟ್ಟಿದೇವನು ಅವರ ಶಿಷ್ಯನಾಗಿ ವಿಷ್ಣುವರ್ಧನನೆಂಬ ಹೆಸರನ್ನು ಪಡೆದನು. ಮೇಲುಕೋಟೆಯ ಚೆಲುವನಾರಾಯಣನ ಕ್ಷೇತ್ರ ಬೆಳೆದದ್ದು ಈ ಸಂದರ್ಭದಲ್ಲಿಯೇ ಎನ್ನಲಾಗುತ್ತದೆ.

ಜೈನ ಸಂಪ್ರದಾಯವೂ ಮತಾಂತರವನ್ನು ಒಪ್ಪುತ್ತದೆ, ಆದರೆ ವಿಷಾದದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ರಚಿಸಿದ ರಾಜಾವಳೀಕಥೆಯಲ್ಲಿಯೂ ಬೆಳಗೊಳದ ಸ್ಥಳಪುರಾಣದಲ್ಲಿಯೂ ಅರಸನು ಬಸದಿಗಳನ್ನು ಕೆಡಹಿಸಿದನೆಂದೂ, ಆ ಪಾಪದಿಂದ ಬೇಲೂರು ಸೀಮೆಯ ಅಡಗೂರಿನ ಬಳಿ ಭೂಮಿ ಬಾಯ್ದೆರೆದು ಊರುಗಳನ್ನು ನುಂಗಿತೆಂದೂ ಕಥೆಯಿದೆ. ಜೈನರನ್ನು ಗಾಣಕ್ಕೆ ಹಾಕಿಸಿದನೆಂಬ ಮಾತೂ ಪ್ರಚಾರದಲ್ಲಿದೆ. ಹೀಗೆ ಎರಡು ವಿರುದ್ಧ ಪಕ್ಷಗಳು ಒಂದೇ ಘಟನೆಯನ್ನು ಹೇಳುವುದರಿಂದ ಅದು ನಿಜವಿರಬೇಕೆಂದು ಅನ್ನಿಸುವುದು ಸಹಜ. ಆದರೆ ಈ ಕಥನಗಳೆಲ್ಲ ನಂತರದವು. ಹಲವು ಶತಮಾನಗಳ ಮತೀಯ ಸ್ಪರ್ಧೆಯ ನೆರಳು ಅವುಗಳ ಮೇಲಿದೆ.

ಶಾಸನಗಳ ಸಾಕ್ಷ್ಯ ಬೇರೆಯೇ ಆಗಿದೆ. ಬೇಲೂರಿನ ಪ್ರತಿಷ್ಠೆಯ ಕಾಲದ ಶಾಸನವು ಮತಾಂತರವನ್ನು ಹೇಳುವುದಿಲ್ಲ. ವಿಷ್ಣುವರ್ಧನ ಎಂಬುದು ವೆಂಗಿಯ ಚಾಲುಕ್ಯರಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿದ್ದ ರಾಜನಾಮ. ಬಿಟ್ಟಿ ಎಂಬುದು ವಿಷ್ಣು ಶಬ್ದದ ತದ್ಭವರೂಪ. ಹೆಸರೊಂದನ್ನೇ ಹಿಡಿದು ದೀಕ್ಷೆಯನ್ನು ಊಹಿಸುವುದು ದುರ್ಬಲ ವಾದ. ಸಮ್ಯಕ್ತ್ವಚೂಡಾಮಣಿ ಎಂಬ ಜೈನ ಪರಿಭಾಷೆಯ ಬಿರುದು ಅವನಿಗೆ ಮುಂದೆಯೂ ಸಲ್ಲುತ್ತಿತ್ತು. 1121ರ ಸುಮಾರಿಗೆ ಅವನ ಅಧಿಕಾರಿ ಕೇತಮಲ್ಲನು ದೋರಸಮುದ್ರದಲ್ಲಿ ಅರಸನ ಮತ್ತು ಅರಸಿಯ ಹೆಸರಿನಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಶಿವಾಲಯಗಳನ್ನು ಕಟ್ಟಿಸಲು ತೊಡಗಿದಾಗ ಅರಸನ ಬೆಂಬಲವಿತ್ತು. 1125ರಲ್ಲಿ ಜೈನ ವಿದ್ವಾಂಸ ಶ್ರೀಪಾಲ ತ್ರೈವಿದ್ಯದೇವನನ್ನು ಗೌರವಿಸಿ, ಶಲ್ಯ ಗ್ರಾಮದಲ್ಲಿ ಜೈನ ವಸತಿಗೂ ಋಷಿಗಳ ಆಹಾರದಾನಕ್ಕೂ ದತ್ತಿ ಬಿಟ್ಟನು. 1137ರಲ್ಲಿ, ಅರಸನು ಮಗನಂತೆ ಸಾಕಿದ್ದ ದಂಡನಾಯಕ ಬಿಟ್ಟಿಯಣ್ಣನು ರಾಜಧಾನಿಯಲ್ಲಿ ಕಟ್ಟಿಸಿದ ಬಸದಿಗೆ ವಿಷ್ಣುವರ್ಧನ ಜಿನಾಲಯವೆಂದೇ ಹೆಸರಿಟ್ಟನು. ಜೈನರನ್ನು ಹಿಂಸಿಸಿದ ಅರಸನ ಹೆಸರನ್ನು ಅವನ ಆಸ್ಥಾನದವನೇ ಅವನ ರಾಜಧಾನಿಯ ಬಸದಿಗೆ ಇಡುವುದು ನಂಬಲರ್ಹವಲ್ಲ.

ಇವೆಲ್ಲಕ್ಕಿಂತ ಸ್ಪಷ್ಟವಾದುದು ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ 1133ರ ಶಾಸನ. ಗಂಗರಾಜನು ಆ ವರ್ಷ ತೀರಿಕೊಂಡಾಗ ಅವನ ಮಗ ಬೊಪ್ಪನು ತಂದೆಯ ಬಿರುದಿನಿಂದ ದ್ರೋಹಘರಟ್ಟ ಜಿನಾಲಯವೆಂಬ ಹೆಸರಿಟ್ಟು ಈ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯಾದ ಮೇಲೆ ಅರ್ಚಕರು ಪ್ರಸಾದವನ್ನು ಹಿಡಿದು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ಅದೇ ಹೊತ್ತಿಗೆ ಅರಸನಿಗೆ ಮಸಣನೆಂಬ ಶತ್ರುವಿನ ಮೇಲೆ ಜಯ ದೊರಕಿತ್ತು. ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿತ್ತು. ಅರಸನು ಎದ್ದು ನಿಂತು ಪ್ರಸಾದವನ್ನು ಸ್ವೀಕರಿಸಿದನು. ಈ ದೇವರ ಪ್ರತಿಷ್ಠೆಯ ಫಲವಾಗಿಯೇ ವಿಜಯವೂ ಪುತ್ರಲಾಭವೂ ಆದುವೆಂದು ಭಾವಿಸಿ ದೇವರಿಗೆ ವಿಜಯಪಾರ್ಶ್ವನೆಂದೂ, ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಬಸದಿಗೆ ಜಾವಗಲ್ಲು ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಇಂದು ಅರಸೀಕೆರೆ ತಾಲ್ಲೂಕಿಗೆ ಸೇರಿದ ಈ ಊರು ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೆಸರಾಗಿದೆ. ಬೇಲೂರಿನ ನಾರಾಯಣನಿಗೆ 1117ರಲ್ಲಿ ಕೊಟ್ಟ ವಿಜಯ ಎಂಬ ವಿಶೇಷಣವನ್ನೇ ಹದಿನಾರು ವರ್ಷಗಳ ನಂತರ ತೀರ್ಥಂಕರನಿಗೂ ಕೊಟ್ಟಿರುವುದು ಗಮನಾರ್ಹ. ಹುಟ್ಟಿದ ಮಗನಿಗಾದರೋ ವಿಷ್ಣುವಿನ ಅವತಾರದ ಹೆಸರು.

ಹಾಗೆಂದು ಅರಸನು ಕೊನೆಯವರೆಗೂ ಜೈನನಾಗಿಯೇ ಉಳಿದನೆಂದು ಸಾಧಿಸಲು ಈ ದಾಖಲೆಗಳು ಸಾಲವು. ದತ್ತಿ ಕೊಡುವುದು ಅರಸನ ಕರ್ತವ್ಯ. ಬಿರುದುಗಳು ರೂಢಿಯಿಂದ ಮುಂದುವರಿಯುತ್ತವೆ. 1117ರ ನಂತರ ಅರಮನೆಯ ದೊಡ್ಡ ಕಟ್ಟಡಗಳು ಹೆಚ್ಚಾಗಿ ವಿಷ್ಣು ಮತ್ತು ಶಿವರಿಗೆ ಸಂದವು, ಬಸದಿಗಳನ್ನು ಕಟ್ಟಿಸುವ ಭಾರ ಬಹುಮಟ್ಟಿಗೆ ದಂಡನಾಯಕರ ಮತ್ತು ರಾಣಿಯರ ಪಾಲಿಗೆ ಬಂತು ಎಂಬುದು ನಿಜ. ಅವನ ಒಲವು ವೈಷ್ಣವದ ಕಡೆಗೆ ಹೊರಳಿತೆಂದು ಹೇಳಲು ಆಧಾರವಿದೆ. ಹಳೆಯದನ್ನು ತೊರೆದನೆಂದು ಹೇಳಲು ಆಧಾರವಿಲ್ಲ. ರಾಮಾನುಜರ ಭೇಟಿಯನ್ನು ಅಲ್ಲಗಳೆಯುವ ಅಗತ್ಯವೂ ಇಲ್ಲ. ಮೇಲುಕೋಟೆ, ತೊಂಡನೂರುಗಳು ಶ್ರೀವೈಷ್ಣವ ಕೇಂದ್ರಗಳಾಗಿ ಬೆಳೆದುದಕ್ಕೆ ಹೊಯ್ಸಳರ ಆಶ್ರಯವೇ ಕಾರಣ.

ಶಾಂತಲಾದೇವಿ

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಶಾಂತಲೆಯು ಪ್ರಭಾಚಂದ್ರ ಸಿದ್ಧಾಂತದೇವನ ಶಿಷ್ಯೆ. ಸಂಗೀತ, ನೃತ್ಯಗಳಲ್ಲಿ ಪ್ರವೀಣೆಯೆಂದು ಶಾಸನಗಳು ಅವಳನ್ನು ಹೊಗಳುತ್ತವೆ. ಬೇಲೂರಿನಲ್ಲಿ ಕೇಶವನ ಗುಡಿಯನ್ನು ಕಟ್ಟಿಸಿದ ಅವಳೇ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಸವತಿಗಂಧವಾರಣ ಎಂದರೆ ಸವತಿಯರೆಂಬ ಆನೆಗಳಿಗೆ ಮದಗಜ. ಅದು ಅವಳ ಬಿರುದು. ಅಂತಃಪುರದ ಪೈಪೋಟಿಯನ್ನು ಇಷ್ಟು ನೇರವಾಗಿ ಬಸದಿಯ ಹೆಸರಿಗೆ ಏರಿಸಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಅವಳು 1131ರಲ್ಲಿ ಶಿವಗಂಗೆಯಲ್ಲಿ ಮರಣ ಹೊಂದಿದಳು. ಮಗಳ ಅಗಲಿಕೆಯನ್ನು ಸಹಿಸಲಾರದೆ ಮಾಚಿಕಬ್ಬೆಯು ಬೆಳಗೊಳದಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹತ್ಯಾಗ ಮಾಡಿದಳು. ಶಾಂತಲೆಯೂ ಸಲ್ಲೇಖನದಿಂದ ಮೃತಳಾದಳೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮಗನಿಲ್ಲದ ಕೊರಗಿನಿಂದ ಬೆಟ್ಟದ ತುದಿಯಿಂದ ಹಾರಿದಳೆಂಬುದು ಜನಪ್ರಿಯ ಕಥೆ. ಶಿವಗಂಗೆಯಲ್ಲಿ ಆ ಜಾಗವನ್ನು ಇಂದಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ.

ಕೊನೆಯ ವರ್ಷಗಳು

1133ರಲ್ಲಿ ಹುಟ್ಟಿದ ನರಸಿಂಹನಿಗೆ ಶೈಶವದಲ್ಲಿಯೇ ಯುವರಾಜ ಪದವಿ ದೊರೆಯಿತು. ಚೋಳರಿಂದ ಗೆದ್ದ ನಾಡು ಹೊಯ್ಸಳರ ಕೈಯಲ್ಲಿ ಉಳಿಯಿತು. ಉತ್ತರದ ಗೆಲುವುಗಳು ಬಂದು ಹೋಗುತ್ತಿದ್ದವು. ವಿಷ್ಣುವರ್ಧನನ ಮರಣದ ವರ್ಷದ ಬಗ್ಗೆ ಒಮ್ಮತವಿಲ್ಲ. 1152 ಎಂಬುದು ಪಠ್ಯಪುಸ್ತಕಗಳಲ್ಲಿ ರೂಢಿಯಲ್ಲಿದೆ. 1142ರ ಸುಮಾರಿಗೇ ಮರಣ ಹೊಂದಿದನೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಅವನ ನಂತರ ಒಂದನೆಯ ನರಸಿಂಹನು ಪಟ್ಟವೇರಿದನು.

ಬಹುಮತಗಳಿಗೆ ಆಶ್ರಯ ನೀಡುವ ಪದ್ಧತಿ ವಂಶದಲ್ಲಿ ಮುಂದುವರಿಯಿತು. ಅರಸೀಕೆರೆಯಲ್ಲಿ ಇದರ ಕುರುಹುಗಳು ಅಕ್ಕಪಕ್ಕದಲ್ಲಿಯೇ ಇವೆ. ಇಮ್ಮಡಿ ಬಲ್ಲಾಳನ ಆಳ್ವಿಕೆಯ ಕೊನೆಯಲ್ಲಿ, 1220ರ ಸುಮಾರಿಗೆ, ಅಲ್ಲಿ ನಕ್ಷತ್ರಾಕಾರದ ಮುಖಮಂಟಪವುಳ್ಳ ಈಶ್ವರ ದೇವಾಲಯವೂ, ಮಂತ್ರಿ ರೇಚರಸನ ಸಹಸ್ರಕೂಟ ಜಿನಾಲಯವೂ ನಿರ್ಮಾಣವಾದವು. ರೇಚರಸನು ಮೊದಲು ಕಳಚೂರಿಗಳ ಸೇವೆಯಲ್ಲಿದ್ದು ಬಳಿಕ ಹೊಯ್ಸಳರ ಕಡೆಗೆ ಬಂದವನು.

ಸಾಹಿತ್ಯ ಮತ್ತು ಜನಮನದಲ್ಲಿ

ವಿಷ್ಣುವರ್ಧನ ಮತ್ತು ಶಾಂತಲೆಯರ ಬದುಕನ್ನು ಕುರಿತ ಕನ್ನಡ ಕಾದಂಬರಿಗಳಲ್ಲಿ ಕೆ. ವಿ. ಅಯ್ಯರ್ ಅವರ ಶಾಂತಲಾ ಮತ್ತು ಸಿ. ಕೆ. ನಾಗರಾಜರಾವ್ ಅವರ ಪಟ್ಟಮಹಾದೇವಿ ಶಾಂತಲಾದೇವಿ ಪ್ರಮುಖವಾದವು. ಎರಡನೆಯದಕ್ಕೆ 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಸಂದಿತು. 1972ರ ನಾಗರಹಾವು ಚಿತ್ರದಲ್ಲಿ ನಾಯಕನಟನಾದ ಸಂಪತ್ ಕುಮಾರ್ ಅವರಿಗೆ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಇಟ್ಟ ತೆರೆಯ ಹೆಸರು ವಿಷ್ಣುವರ್ಧನ್. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ಕೇಶವ ದೇವಾಲಯದೊಂದಿಗೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಿಜಯಪಾರ್ಶ್ವನಾಥ ಬಸದಿಯು ಹೊಯ್ಸಳೇಶ್ವರ ದೇವಾಲಯದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಕನ್ನಡಿಯಂತೆ ಹೊಳೆಯುವ ಅದರ ನವರಂಗದ ಕಂಬಗಳು ಪ್ರಸಿದ್ಧ.